ಹರಿತಾ ಮಾಡಿದ ನೀರಿನ ಕಾನೂನು

ತಾತ ಮೂರನೇ ಮನೆಗೆ ನುಗ್ಗಿದ.

ಹರಿತಾ ಹುಣಸೆ ಮರದ ಹಿಂದಿನಿಂದ ಕತ್ತು ಚಾಚಿ ನೋಡಿದಳು. ಮೊದಲು ಓಬುಳೇಶಣ್ಣನ ಮನೆ ಆಯಿತು. ಆಮೇಲೆ ಅಂಗಡಿ ಜಯಚಂದ್ರನ ಮನೆ. ಈಗ ನರಸಕ್ಕನ ಮನೆ. ಎಲ್ಲ ಕಡೆಯೂ ತಾತನದು ಒಂದೇ ಕೆಲಸ. ಹೋಗುವುದು, ಜಗಲಿ ಮೇಲೆ ಕೂರುವುದು, "ಏನಮ್ಮಾ ಸಮಾಚಾರ?" ಅನ್ನುವುದು. ಮಿಕ್ಕಿದ್ದನ್ನೆಲ್ಲ ಆ ಮನೆಯವರೇ ಮಾಡುತ್ತಿದ್ದರು.

"ಬಾರಣ್ಣೋ ಯರ್ರಿಸ್ವಾಮಣ್ಣ! ಬಿಸ್ಲಾಗೆ ಬಂದಿದ್ದೀಯ, ಮೊದ್ಲು ನೀರು ಕುಡಿ," ಎಂದು ನರಸಕ್ಕ ಒಳಗಿನಿಂದ ದೊಡ್ಡ ಚೆಂಬು ಹಿಡಿದು ಬಂದಳು.

"ಅಯ್ಯೋ, ನೀರ್ಯಾಕಮ್ಮ..." ಎಂದ ತಾತ. ಬಾಯಿ ಬೇಡ ಅನ್ನುತ್ತಿತ್ತು. ಕೈ ಆಗಲೇ ಚೆಂಬನ್ನು ಹಿಡಿದುಬಿಟ್ಟಿತ್ತು.

ಆಂಧ್ರದ ಗಡಿಯಲ್ಲಿದ್ದ ಆ ಕನ್ನಡದ ಊರಲ್ಲಿ ಮನೆಗೆ ಯಾರೇ ಬರಲಿ, ಮೊದಲು ಒಂದು ಚೆಂಬು ನೀರು ಕೊಡಬೇಕು. ಕೊಡದಿದ್ದರೆ ಮನೆಯವರ ಮರ್ಯಾದೆ ಹೋಯಿತು. ಕೊಟ್ಟಾಗ ಬೇಡ ಅಂದರೆ, ಬಂದವರು ಯಾವುದಕ್ಕೋ ಮುನಿಸಿಕೊಂಡಿದ್ದಾರೆ ಅಂತ ಲೆಕ್ಕ. ತಾತನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಚೆಂಬು ಮೇಲೆದ್ದಿತು. ಗಟ ಗಟ ಗಟ.

"ತಾತಾ!"

ಹರಿತಾ ಮರದ ಹಿಂದಿನಿಂದ ಜಿಗಿದಳು. ತಾತನಿಗೆ ನೀರು ನೆತ್ತಿಗೇರಿ ಕೆಮ್ಮು ಬಂತು. ನರಸಕ್ಕ ಅವನ ತಲೆ ತಟ್ಟಿದಳು.

"ಸಿಐಡಿ ಬಂದ್ಬುಟ್ಲು ನೋಡು," ಎಂದು ತಾತ ಮೀಸೆ ಒರೆಸಿಕೊಂಡ. "ನಾನೇನು ಕೇಳಿದ್ನೇನೇ? ಅವ್ರಾಗೇ ಕೊಟ್ರು. ಬ್ಯಾಡ ಅನ್ನಾಕಾಯ್ತದಾ? ನೀನೇ ಹೇಳು ನರಸಕ್ಕಾ."

ತಾತನ ಎರಡೂ ಕಿಡ್ನಿ ಕೈಕೊಟ್ಟು ಒಂದು ವರ್ಷವಾಗಿತ್ತು. ಕುಡಿದ ನೀರು ಹೊರಗೆ ಹೋಗುತ್ತಿರಲಿಲ್ಲ. ಕಾಲಲ್ಲಿ, ಮುಖದಲ್ಲಿ ತುಂಬಿಕೊಂಡು ಊದಿಸುತ್ತಿತ್ತು. ವಾರಕ್ಕೆ ಎರಡು ಸಲ ಹಿಂದೂಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಅಲ್ಲಿ ಒಂದು ಮಿಷಿನ್ ತಾತನ ರಕ್ತವನ್ನು ತೊಳೆದು, ಹೆಚ್ಚಾದ ನೀರನ್ನು ಎಳೆದು ಹಾಕುತ್ತಿತ್ತು. ಅದಕ್ಕೇ ದಿನಕ್ಕೆ ಒಂದೇ ಒಂದು ಸಣ್ಣ ಬಾಟಲಿ ನೀರು ಅಂತ ಡಾಕ್ಟರು ಹೇಳಿದ್ದರು. ಕಾಫಿ, ಮಜ್ಜಿಗೆ, ಸಾರು ಎಲ್ಲ ಅದರೊಳಗೇ ಬರಬೇಕು.

ಹೋದ ವಾರ ಅಲ್ಲಿಯ ನರ್ಸು ಅಜ್ಜಿಯನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಇಷ್ಟು ನೀರು ತುಂಬ್ಕೊಂಡು ಬಂದ್ರೆ ದಾರೀಲೇ ಉಸಿರು ಕಟ್ಟುತ್ತೆ," ಅಂದಿದ್ದಳಂತೆ. ಅಜ್ಜಿ ಅದನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದಾಗ ಹರಿತಾ ಕೇಳಿಸಿಕೊಂಡಿದ್ದಳು. ಅವಳಿಗೆ ತುಂಬ ಭಯವಾಗಿತ್ತು. ಅವತ್ತಿನಿಂದ ತಾತ ಎಲ್ಲಿಗೆ ಹೋದರೂ ಹಿಂದೆಯೇ ಇವಳು.

ಆದರೆ ಊರಿನ ಮನೆಗಳೆಲ್ಲ ಚೆಂಬು ಹಿಡಿದು ನಿಂತಿದ್ದರೆ ಒಬ್ಬ ಸಿಐಡಿ ಏನು ತಾನೇ ಮಾಡಬಲ್ಲಳು?

ಶನಿವಾರ ಸ್ಕೂಲಿನಲ್ಲಿ ಮಕ್ಕಳ ಅಸೆಂಬ್ಲಿ. ಸೋಷಿಯಲ್ ಹೇಳಿಕೊಡುವ ಶೋಭಾರಾಣಿ ಟೀಚರ್ ಬ್ಲಾಕ್ ಬೋರ್ಡಿನ ಮೇಲೆ ದೊಡ್ಡದಾಗಿ "ಆಂಧ್ರಪ್ರದೇಶ ಮಕ್ಕಳ ಅಸೆಂಬ್ಲಿ" ಎಂದು ಬರೆದರು. ಪದ್ಮಲತಾ ಸ್ಪೀಕರ್. ಅವಳ ಕೈಯಲ್ಲಿ ಟೇಬಲ್ ಕುಟ್ಟಲು ಡಸ್ಟರ್. ಕುಟ್ಟಿದಾಗಲೆಲ್ಲ ಸೀಮೆಸುಣ್ಣದ ಪುಡಿ ಹಾರಿ ಅವಳಿಗೇ ಸೀನು ಬರುತ್ತಿತ್ತು. ಟೀಚರ್ ಗವರ್ನರ್. ಬಿಲ್ ಪಾಸಾದರೆ ಅವರು ಸಹಿ ಹಾಕಬೇಕು.

ವಿರೋಧ ಪಕ್ಷದ ಲೀಡರ್ ಯೋಗೇಶ ಮೊದಲು ಎದ್ದ. "ಅಧ್ಯಕ್ಷಾ! ಇನ್ಮೇಲೆ ಹೋಮ್‌ವರ್ಕ್ ರದ್ದು!"

ಎಲ್ಲರೂ ಡೆಸ್ಕು ಕುಟ್ಟಿದರು. ಬಿಲ್ ಒಂದೇ ಏಟಿಗೆ ಪಾಸಾಯಿತು. ಗವರ್ನರ್ ಸಹಿ ಹಾಕಲಿಲ್ಲ.

ಆಮೇಲೆ ಹರಿತಾ ಎದ್ದಳು. "ಅಧ್ಯಕ್ಷಾ! ಊರಲ್ಲಿ ಯಾರೂ ನಮ್ಮ ತಾತಂಗೆ ನೀರು ಕೊಡಬಾರ್ದು!"

"ಅನ್ಯಾಯ ಅಧ್ಯಕ್ಷಾ!" ಯೋಗೇಶ ಬೆಂಚಿನ ಮೇಲೇ ಹತ್ತಿ ನಿಂತ. "ಒಬ್ಬ ತಾತಂಗೆ ಅಂತ ಒಂದು ಕಾನೂನಾ? ನಾಳೆ ನಮ್ಮ ತಾತಂಗೆ ಬೀಡಿ ಕೊಡಬಾರ್ದು ಅಂತಾಳೆ!"

"ಅದನ್ನೂ ಕೊಡಬಾರದು. ಮೊದಲು ನೀನು ಬೆಂಚಿಂದ ಇಳಿ," ಎಂದರು ಹಿಂದಿನಿಂದ ಗವರ್ನರ್. ಆಮೇಲೆ ಹರಿತಾ ಕಡೆ ತಿರುಗಿದರು. "ಆದರೆ ಯೋಗೇಶ ಹೇಳಿದ್ದರಲ್ಲಿ ಅರ್ಥ ಇದೆ. ಕಾನೂನು ಅಂದರೆ ಒಬ್ಬರ ಹೆಸರಿಗೆ ಮಾಡೋದಲ್ಲ. ಅದೇ ಕಷ್ಟ ಇರೋ ಎಲ್ಲರಿಗೂ ಒಂದೇ ಥರ ಇರಬೇಕು. ಯಾಕೆ ಬೇಕು ಅಂತಾನೂ ಹೇಳಬೇಕು."

ಹರಿತಾ ಯಾಕೆ ಅಂತ ಹೇಳಿದಳು. ನರ್ಸು ಹೇಳಿದ ಮಾತನ್ನೂ ಹೇಳಿದಳು.

"ಡಯಾಲಿಸಿಸ್ ಮಾಡಿಸ್ಕೊಳ್ಳೋರು ಯಾರೇ ಮನೆಗೆ ಬಂದ್ರೂ ನೀರು ಕೊಡಬಾರ್ದು," ಎಂದು ಅವಳು ಬಿಲ್ ತಿದ್ದಿದಳು.

"ಊರಲ್ಲಿ ಅಂಥೋರು ಅವ್ರ ತಾತ ಒಬ್ರೇ ಅಲ್ವಾ ಅಧ್ಯಕ್ಷಾ," ಎಂದು ಯೋಗೇಶ ಗೊಣಗಿದ. ಗೊಣಗುತ್ತಲೇ ತಾನೂ ಡೆಸ್ಕು ಕುಟ್ಟಿದ. ಈ ಸಲ ಗವರ್ನರ್ ಸಹಿ ಹಾಕಿದರು.

ಸಾಯಂಕಾಲ ಊಟದ ತಟ್ಟೆ, ಚಮಚ ಹಿಡಿದು ಇಡೀ ಅಸೆಂಬ್ಲಿ ಬೀದಿಗೆ ಇಳಿಯಿತು. ಡಂಗುರ ಸಾರುವುದಕ್ಕೆ ಯೋಗೇಶನೇ ಮುಂದೆ. ವಿರೋಧ ಪಕ್ಷ ಅಂದರೂ ಅವನ ಗಂಟಲು ದೊಡ್ಡದು, ಕನ್ನಡ ತೆಲುಗು ಎರಡರಲ್ಲೂ ಕೂಗಬಲ್ಲ.

"ಕೇಳ್ರಪ್ಪೋ ಕೇಳ್ರಿ! ವಿನಂಡಯ್ಯಾ ವಿನಂಡಿ! ಆಂಧ್ರಪ್ರದೇಶ ಮಕ್ಕಳ ಅಸೆಂಬ್ಲಿ ಕಾನೂನು! ಯರ್ರಿಸ್ವಾಮಿ ತಾತಂಗೆ ನೀರು ಬಂದ್!"

"ಹೆಸರು ಹೇಳಬಾರ್ದು ಕಣೋ!" ಎಂದು ಹರಿತಾ ಅವನ ಬೆನ್ನಿಗೆ ಗುದ್ದಿದಳು.

ಊರವರು ಬಿದ್ದು ಬಿದ್ದು ನಕ್ಕರು. ಆದರೆ ಡಂಗುರದ ಹಿಂದೆ ಹರಿತಾ ಮನೆಮನೆಗೂ ಹೋಗಿ ಕಾರಣ ಹೇಳಿದಾಗ ನಗು ನಿಂತಿತು. ಕುಡಿದ ನೀರೇ ಯರ್ರಿಸ್ವಾಮಿಗೆ ಮುಳುವು ಎಂದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಮರ್ಯಾದೆಗೆ ಅಂತ ಕೊಡುತ್ತಿದ್ದರು, ಅಷ್ಟೇ.

ಮಾರನೇ ದಿನ ತಾತ ಎಂದಿನಂತೆ ಹೊರಟ. ಓಬುಳೇಶಣ್ಣ ಮಳೆ ಬೆಳೆ ಮಾತಾಡಿದ, ನೀರಿನ ಮಾತೆತ್ತಲಿಲ್ಲ. ಜಯಚಂದ್ರ ಅಂಗಡಿಯ ಕೆಲಸ ಅಂತ ಎದ್ದುಹೋದ. ನರಸಕ್ಕನಿಗೆ ಮಾತ್ರ ಸಂಕಟ. ಮನೆಗೆ ಬಂದವನಿಗೆ ಚೆಂಬು ಕೊಡದೆ ಇರುವುದು ಹೇಗೆ? ಅವಳು ಬಹಳ ಹೊತ್ತು ಒಳಗೆ ಹೊರಗೆ ಓಡಾಡಿ, ಕೊನೆಗೆ ಒಂದು ಚೆಂಬು ತಂದು ತಾತನ ಮುಂದೆ ಹಿಡಿದಳು.

ತಾತನ ಮುಖ ಅರಳಿತು. ಚೆಂಬು ಎತ್ತಿದ. ಬಾಯಿ ತೆರೆದ. ಒಂದು ಹನಿಯೂ ಬೀಳಲಿಲ್ಲ.

"ಖಾಲಿ ಐತಲ್ಲಮ್ಮಾ!"

"ಹೂಂ ಕಣಣ್ಣ. ಮರ್ಯಾದೆ ನಂದು, ಕಾನೂನು ಅವ್ರದು," ಎಂದಳು ನರಸಕ್ಕ.

ಮರದ ಹಿಂದೆ ಹರಿತಾ ಬಾಯಿ ಮುಚ್ಚಿಕೊಂಡು ನಕ್ಕಳು. ತಾತ ಖಾಲಿ ಚೆಂಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೋತ ಮುಖ ಹಾಕಿಕೊಂಡು ಮನೆಗೆ ಬಂದ.

ಮಂಗಳವಾರ ಸ್ಕೂಲಿಗೆ ರಜೆ ಇತ್ತು. ಅವತ್ತು ತಾತನ ಡಯಾಲಿಸಿಸ್. ಜೊತೆಗೆ ಅಜ್ಜಿ ರಾಮಾಂಜಿನಮ್ಮ ಹೋಗುವುದು ರೂಢಿ. "ನಾನೂ ಬತ್ತೀನಿ," ಎಂದು ಹರಿತಾ ಹಠ ಹಿಡಿದು ಹೊರಟಳು. ಕಲ್ಯಾಣದುರ್ಗದ ಕಡೆಯಿಂದ ಬರುವ ಹಿಂದೂಪುರದ ಬಸ್ಸನ್ನು ಹತ್ತಿರದ ಕಂಬದೂರಿನಲ್ಲಿ ಹತ್ತಿದರು. ತಾತನ ಬಾಟಲಿ ಹರಿತಾಳ ಮಡಿಲಲ್ಲಿ. ಅವಳ ಬಾಟಲಿ ಬೇರೆ, ದೊಡ್ಡದು. ಸೆಖೆ ಅಂತ ಅವಳು ಆಗಾಗ ಅದರಿಂದ ಕುಡಿಯುತ್ತಿದ್ದಳು. ತಾತ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದ.

ಅಜ್ಜಿ ಸೀಟಿಗೆ ಒರಗಿದವಳೇ ಗೊರಕೆ ಶುರು ಮಾಡಿದಳು.

ಆ ದಾರಿ ಒಂಥರಾ ತಮಾಷೆ. ಆಂಧ್ರದಿಂದ ಆಂಧ್ರಕ್ಕೇ ಹೋಗಬೇಕು, ಆದರೆ ನಡುವೆ ಕರ್ನಾಟಕದ ಪಾವಗಡ ಅಡ್ಡ ಬರುತ್ತದೆ. ಸ್ವಲ್ಪ ದೂರ ಹೋದಮೇಲೆ "ಕರ್ನಾಟಕಕ್ಕೆ ಸುಸ್ವಾಗತ" ಎಂಬ ಬೋರ್ಡು ಬಂತು. ತಾತ ನೆಟ್ಟಗೆ ಕೂತ. ಹರಿತಾಗೆ ಆಗ ಅನುಮಾನ ಬರಲಿಲ್ಲ.

ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದೇ ತಡ, ಕಿಟಕಿಯ ಹೊರಗೆ ಒಬ್ಬ ನೀರಿನ ಪ್ಯಾಕೆಟ್ ಮಾರುತ್ತ ಬಂದ. ತಾತ ಒಂದನ್ನು ಕೊಂಡು, ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಬಾಯಿಗೆ ಹಿಂಡಿಕೊಂಡೇಬಿಟ್ಟ.

"ತಾತಾ! ಕಾನೂನು!"

"ಯಾವ ಕಾನೂನೇ?"

"ಆಂಧ್ರಪ್ರದೇಶ ಮಕ್ಕಳ ಅಸೆಂಬ್ಲಿ—"

"ಅಲ್ಲೇ ಇರೋದು," ತಾತ ಮೀಸೆಯ ಹನಿಯನ್ನೂ ಬಿಡದೆ ನೆಕ್ಕಿದ. "ಅದು ಆಂಧ್ರದ್ದು. ಇದ್ಯಾವ ರಾಜ್ಯ? ಆಗ್ಲೇ ಬೋರ್ಡು ಓದಿದ್ಯಲ್ಲ?"

ಹರಿತಾ ಸಹಾಯಕ್ಕೆ ಕಂಡಕ್ಟರ್ ಕಡೆ ನೋಡಿದಳು. ಕಂಡಕ್ಟರ್ ಶ್ರೀರಾಮುಲು ವಾರಕ್ಕೆ ಎರಡು ಸಲ ಇವರನ್ನು ಕಾಣುವವನು. ಅವಳು ಅವನಿಗೆ ಬಿಲ್ ವಿಷಯವನ್ನೆಲ್ಲ ಒಪ್ಪಿಸಿದಳು.

ಶ್ರೀರಾಮುಲು ಜಡ್ಜಿನ ಹಾಗೆ ಗದ್ದ ಕೆರೆದು, ತೆಲುಗು ಬೆರೆಸಿ ಹೇಳಿದ. "ತಾತ ಮಾಡಿದ್ದು ತಪ್ಪೇ ಪಾಪಾ. ಆದ್ರೆ ಪಾಯಿಂಟ್ ಕರೆಕ್ಟೇ ಕದಾ! ಅಕ್ಕಡಿ ಕಾನೂನು ಇಕ್ಕಡ ನಡೆಯಲ್ಲ."

ಬಸ್ಸಿನವರೆಲ್ಲ ನಕ್ಕರು. ಅಜ್ಜಿ ಎಚ್ಚರಗೊಂಡು, ಏನಾಯಿತು ಅಂತ ತಿಳಿಯದೆ, ಸುಮ್ಮನೆ ತಾತನನ್ನು ಬೈದು ಮತ್ತೆ ಮಲಗಿದಳು. ಹರಿತಾಗೆ ಅಳು ಬರುವಷ್ಟು ಸಿಟ್ಟು ಬಂತು. ಅಷ್ಟೆಲ್ಲ ಭಾಷಣ ಮಾಡಿ, ಡೆಸ್ಕು ಕುಟ್ಟಿಸಿ, ತಟ್ಟೆ ಬಡಿದು ಮಾಡಿದ ಕಾನೂನು! ಒಂದು ಬೋರ್ಡು ದಾಟಿದರೆ ಮುಗಿದೇ ಹೋಯಿತಾ?

ಬಸ್ಸು ಹೊರಟಿತು. ಊರು ದಾಟುವಾಗ ರಸ್ತೆ ಪಕ್ಕ ಒಂದು ಬಿಳಿ ಕಟ್ಟಡ ಕಾಣಿಸಿತು. ಅದರ ಮೇಲೆ ಬರೆದಿದ್ದನ್ನು ಹರಿತಾ ಓದಿದಳು. ಮತ್ತೊಮ್ಮೆ ಓದಿದಳು. ಸಿಟ್ಟೆಲ್ಲ ಮರೆತುಹೋಯಿತು.

"ತಾತಾ! ಡಯಾಲಿಸಿಸ್ ಅಂತ ಬರ್ದೈತೆ! ಇಲ್ಲೇ ಐತೆ! ಇಳಿಯಾನ ನಡಿ! ಹಿಂದೂಪುರ ಇನ್ನೂ ಎಷ್ಟೊಂದು ದೂರ!"

ತಾತ ಆ ಕಟ್ಟಡದ ಕಡೆ ತಿರುಗಲಿಲ್ಲ. "ಗೊತ್ತು ಕಣವ್ವಾ. ವರ್ಷದಿಂದ ನೋಡ್ತಾನೇ ಇದ್ದೀನಿ."

"ಮತ್ತೆ?"

"ಒಂದ್ಸಲ ಇಳ್ದು ಕೇಳ್ದೆ. ಒಳ್ಳೆ ಜನ, ಕುಂಡ್ರಿಸಿ ಮಾತಾಡ್ಸಿದ್ರು. ಸರ್ಕಾರ ಕೊಟ್ಟಿರೋ ಕಾರ್ಡು ತೋರ್ಸಿದೆ. ಕಾರ್ಡಿದ್ರೆ ಡಯಾಲಿಸಿಸ್ ಬಿಟ್ಟಿ. 'ಇದು ಆಂಧ್ರದ ಕಾರ್ಡು ತಾತಾ, ನಮ್ಮಲ್ಲಿ ನಡೆಯಲ್ಲ' ಅಂದ್ರು. ದುಡ್ಡು ಕೊಟ್ಟು ಮಾಡಿಸ್ಕೊಳ್ಳಾಕೆ ನಮ್ಮ ಕೈಲಾಯ್ತದಾ?"

ಹರಿತಾ ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡಿದಳು. ಬಿಳಿ ಕಟ್ಟಡ ಚಿಕ್ಕದಾಗುತ್ತಿತ್ತು.

"ಅದೇ ಗಡಿ ಬೋರ್ಡು ಕಣೇ," ಎಂದ ತಾತ. "ನಂಗೆ ಒಂದು ಪಾಕೀಟು ನೀರು ಕೊಡಿಸ್ತು. ಮಿಷಿನ್ನು ಕೊಡಿಸ್ಲಿಲ್ಲ." ಹೇಳಿ ತಾತ ನಗಲು ನೋಡಿದ. ಹರಿತಾಗೆ ನಗು ಬರಲಿಲ್ಲ.

ಹಿಂದೂಪುರದ ಸೆಂಟರಿನಲ್ಲಿ ಮೊದಲು ತಾತನನ್ನು ತೂಕದ ಮಿಷಿನ್ ಮೇಲೆ ನಿಲ್ಲಿಸಿದರು. ನರ್ಸು ಹುಬ್ಬು ಗಂಟಿಕ್ಕಿದಳು, ಆದರೂ ಹೋದ ವಾರಕ್ಕಿಂತ ಕಡಿಮೆ ಎಂದಳು. ಆಮೇಲೆ ತಾತ ಒಳಗೆ, ಇವರು ಹೊರಗೆ. ಕಾದು ಕಾದು ಹರಿತಾಗೆ ಕಾಲು ಜೋಮು ಹಿಡಿಯಿತು. ಬಾಗಿಲ ಸಂದಿಯಿಂದ ಇಣುಕಿದರೆ, ತಾತನ ಕೈಯಿಂದ ಕೆಂಪು ಪೈಪು ಹೊರಟು ಮಿಷಿನ್ನಿಗೆ ಹೋಗುತ್ತಿತ್ತು. ಊರೆಲ್ಲ ತಿರುಗಿ ತುಂಟಾಟ ಮಾಡುವ ತಾತ ಅಲ್ಲಿ ಒಂದು ಮಾತೂ ಇಲ್ಲದೆ ಮಲಗಿದ್ದ.

ವಾಪಸ್ ಬಸ್ಸಿನಲ್ಲಿ ತಾತನಿಗೆ ಕೂರಲು ಆಗಲಿಲ್ಲ. ಮುಂದಿನ ಸೀಟಿನ ಕಂಬಿಗೆ ಹಣೆ ಕೊಟ್ಟು ಒರಗಿದ. ಗುಂಡಿ ಬಂದಾಗಲೆಲ್ಲ ಹಣೆ ಕಂಬಿಗೆ ಬಡಿಯುತ್ತಿತ್ತು. ಹರಿತಾ ನಡುವೆ ತನ್ನ ಅಂಗೈ ಇಟ್ಟಳು.

"ಇನ್ನು ನನ್ ಕೈಲಾಗಲ್ಲ ಕಣವ್ವಾ," ಎಂದ ತಾತ ಮೆಲ್ಲಗೆ, ಅಜ್ಜಿಗೆ ಕೇಳದ ಹಾಗೆ. "ಆ ಮಿಷಿನ್ನಿಗಿಂತ ಈ ಬಸ್ಸೇ ಸಾಯಿಸ್ತೈತೆ. ಬರಾದೇ ಬಿಟ್ಬುಡಾನ ಅನ್ನಿಸ್ತೈತೆ."

ಬರುವುದನ್ನು ಬಿಟ್ಟರೆ ಏನಾಗುತ್ತದೆ ಅಂತ ಹರಿತಾಗೆ ಗೊತ್ತಿತ್ತು.

"ಅದಕ್ಕೇನಾ ತಾತಾ ನೀರು ಕುಡಿಯೋದು?"

"ಅಯ್ಯೋ ಹುಚ್ಚಿ! ಅದಕ್ಯಾಕೆ?" ತಾತ ಕಣ್ಣು ತೆರೆದ. "ಬಾಯಾರ್ತದೆ ಕಣೇ. ಅಷ್ಟೇ."

ಹರಿತಾ ತನ್ನ ದೊಡ್ಡ ಬಾಟಲಿ ನೋಡಿಕೊಂಡಳು. ಬೆಳಿಗ್ಗೆಯಿಂದ ತಾತನ ಪಕ್ಕದಲ್ಲೇ ಕೂತು ಅದನ್ನು ಎಷ್ಟು ಸಲ ಎತ್ತಿದ್ದಳೋ! ಅವಳಿಗೆ ನಾಚಿಕೆಯಾಯಿತು. ಬಾಟಲಿಯನ್ನು ಬ್ಯಾಗಿನ ತಳಕ್ಕೆ ತುರುಕಿದಳು. ಮನೆ ಸೇರುವವರೆಗೂ ಕುಡಿಯಬಾರದು ಅಂದುಕೊಂಡಳು.

ಪಾವಗಡ ಬರುವಷ್ಟರಲ್ಲಿ ಗಂಟಲು ಒಣಗಿತು. ನೀರಿನ ಪ್ಯಾಕೆಟ್ಟಿನವನು ಕೂಗಿಕೊಂಡು ಬಂದಾಗ ಕಿವಿ ಮುಚ್ಚಿಕೊಂಡಳು. ಗಡಿ ಬೋರ್ಡು ದಾಟುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕಣ್ಣು ಮುಚ್ಚಿದರೆ ನರಸಕ್ಕನ ಚೆಂಬೇ ಕಾಣುತ್ತಿತ್ತು, ತುಂಬಿದ ಚೆಂಬು. ಕಂಬದೂರಿನಲ್ಲಿ ಇಳಿದಿದ್ದೇ ತಡ, ಒಂದು ಮರದ ಮರೆಗೆ ಓಡಿ ಅರ್ಧ ಬಾಟಲಿ ಗಟಗಟ ಕುಡಿದುಬಿಟ್ಟಳು. ಮನೆಯವರೆಗೂ ತಡೆಯಲು ಅವಳ ಕೈಲಾಗಲಿಲ್ಲ.

ಮುಂದಿನ ಶನಿವಾರ ಅಸೆಂಬ್ಲಿ ಸೇರಿದಾಗ ಬಾಗಿಲಲ್ಲಿ ಒಬ್ಬ ಅತಿಥಿ ಇದ್ದ. ಮೊಮ್ಮಗಳು ಕೈ ಹಿಡಿದು ಎಳೆದುಕೊಂಡು ಬಂದು ಕೂರಿಸಿದ ಯರ್ರಿಸ್ವಾಮಿ ತಾತ.

"ಅಧ್ಯಕ್ಷಾ! ನೀರಿನ ಕಾನೂನು ವಾಪಸ್!" ಎಂದಳು ಹರಿತಾ.

"ಯಾಕೆ?" ಯೋಗೇಶ ಎಗರಿದ. "ನಾನು ತಟ್ಟೆ ಬಡ್ದು ಬಡ್ದು ನಮ್ಮಮ್ಮ ಬೈದ್ರು!"

"ನಾನೂ ಒಂದಿನ ಕುಡೀದೆ ನೋಡ್ದೆ. ನನ್ ಕೈಲೇ ಆಗ್ಲಿಲ್ಲ," ಎಂದಳು. ಕ್ಲಾಸು ನಕ್ಕಿತು. "ಈಗ ಬೇರೆ ಬಿಲ್ಲು. ಡಯಾಲಿಸಿಸ್ಸಿನೋರ ಕಾರ್ಡು, ಹತ್ರ ಯಾವ ಆಸ್ಪತ್ರೆ ಐತೋ ಅಲ್ಲೇ ನಡೀಬೇಕು. ಬೋರ್ಡಿನ ಆಕಡೆ ಇದ್ರೂನೂ."

"ಅದು ಹೆಂಗಾಯ್ತದೆ ಅಧ್ಯಕ್ಷಾ? ಆಕಡೆಯೋರು ಒಪ್ಪಬೇಕಲ್ಲ! ನಮ್ಮ ಕಾನೂನು ಅಲ್ಲಿ ನಡೀತದಾ?"

ಹರಿತಾ ಇದನ್ನೇ ಕಾಯುತ್ತಿದ್ದಳು. ಸೀಮೆಸುಣ್ಣ ತಗೊಂಡು ಕ್ಲಾಸಿನ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಳು. "ಆಕಡೆ ಕೂತಿರೋರೆಲ್ಲ ಕರ್ನಾಟಕ. ಯೋಗೇಶ, ನೀನೇ ಚೀಫ್ ಮಿನಿಸ್ಟರ್."

ಯೋಗೇಶನಿಗೆ ವಿರೋಧ ಪಕ್ಷಕ್ಕಿಂತ ಈ ಕೆಲಸ ಚೆನ್ನಾಗಿ ಕಂಡಿತು. ಅವನು ಊಟದ ತಟ್ಟೆಗೆ ಸುತ್ತಿದ್ದ ಟವೆಲ್ಲನ್ನು ಹೆಗಲಿಗೆ ಏರಿಸಿಕೊಂಡು ಗೆರೆಯ ಹತ್ತಿರ ಬಂದ. "ಒಪ್ಪಬೋದು. ಆದ್ರೆ ನಮ್ಮ ಕಡೆ ಹಳ್ಳಿಯೋರಿಗೂ ನಿಮ್ಮ ಹಿಂದೂಪುರವೇ ಹತ್ರ. ಅವ್ರ ಕಾರ್ಡು ನೀವೂ ನಡೆಸ್ಬೇಕು. ನಡೆಸ್ತೀರಾ?"

ಹರಿತಾ ಇದನ್ನು ಯೋಚಿಸಿರಲಿಲ್ಲ. ಆಚೆಯೂ ತಾತಂದಿರು ಇರುತ್ತಾರೆ, ಅವರಿಗೂ ಬಸ್ಸಿನಲ್ಲಿ ಹಣೆ ಬಡಿಯುತ್ತದೆ.

"ನಡೆಸ್ತೀವಿ," ಎಂದಳು.

ಇಬ್ಬರೂ ಗೆರೆಯ ಮೇಲೆ ಕೈ ಕುಲುಕಿದರು. ಯೋಗೇಶ ಕಾಲಿನಿಂದ ಗೆರೆಯನ್ನು ಉಜ್ಜಿ ಅಳಿಸಿದ. ಎರಡೂ ರಾಜ್ಯದವರು ಒಟ್ಟಿಗೆ ಡೆಸ್ಕು ಕುಟ್ಟಿದರು. ಪದ್ಮಲತಾ ಸೀನಿದಳು.

ಶೋಭಾರಾಣಿ ಟೀಚರ್ ಸಹಿ ಹಾಕಿದರು. "ಇದನ್ನ ನಿಜವಾದ ಅಸೆಂಬ್ಲಿಗಳಿಗೆ ಕಳಿಸೋಣ, ಎರಡು ಕಡೆಗೂ," ಎಂದರು. "ಆದರೆ ನೆನಪಿರಲಿ, ಅಲ್ಲಿ ಗೆರೆ ಅಳಿಸೋದು ಇಷ್ಟು ಸುಲಭ ಅಲ್ಲ."

"ಎಷ್ಟು ದಿವ್ಸ ಆಯ್ತದೆ ಮೇಡಂ?" ಬಾಗಿಲಿನಿಂದ ತಾತ ಕೇಳಿದ.

"ಹೇಳಕ್ಕಾಗಲ್ಲ ತಾತಾ. ವರ್ಷಗಳೇ ಆಗಬಹುದು."

ತಾತ ನೆಲದ ಮೇಲೆ ಅಲ್ಲಲ್ಲಿ ಉಳಿದಿದ್ದ ಸೀಮೆಸುಣ್ಣದ ಬಿಳುಪನ್ನೇ ನೋಡುತ್ತ ಕೂತ. ಆಮೇಲೆ ಮೀಸೆ ಅಲುಗಿತು.

"ಹಂಗಾದ್ರೆ ಅಲ್ಲೀವರ್ಗೂ ನಾನಿರ್ಬೇಕಾಯ್ತಲ್ಲಪ್ಪ! ಒಳ್ಳೆ ಕೆಲ್ಸ ಹಚ್ಚಿದ್ಳು."

ದಸರಾ ರಜೆಯಲ್ಲಿ ಹರಿತಾ ಮತ್ತೆ ಜೊತೆಗೆ ಹೋದಳು. ಅದೇ ಬಸ್ಸು, ಅದೇ ಶ್ರೀರಾಮುಲು, ಅಜ್ಜಿಯ ಅದೇ ಗೊರಕೆ. ದೂರದಲ್ಲಿ ಕರ್ನಾಟಕದ ಬೋರ್ಡು ಕಂಡಿತು. ಹರಿತಾ ತಾತನ ಬಾಟಲಿಯನ್ನು ಗಟ್ಟಿಯಾಗಿ ಹಿಡಿದಳು. ಈಗ ಕಾನೂನೂ ಇಲ್ಲ. ಕುಡಿದರೆ ಕೇಳುವುದಕ್ಕೆ ಬೋರ್ಡಿನ ಈಚೆಯೂ ಯಾರೂ ಇಲ್ಲ, ಆಚೆಯೂ ಯಾರೂ ಇಲ್ಲ.

ಪಾವಗಡದಲ್ಲಿ ನೀರಿನ ಪ್ಯಾಕೆಟ್ಟಿನವನು ಕಿಟಕಿಗೇ ಬಂದು ನಿಂತ. "ನೀರೂ, ತಣ್ಣನೆ ನೀರೂ!"

ತಾತ ಅವನನ್ನು ನೋಡಿದ. ತುಟಿ ಸವರಿಕೊಂಡ. ಆಮೇಲೆ ಬಗ್ಗಿ, ಕಾಲಡಿಯ ಚೀಲಕ್ಕೆ ಕೈ ಹಾಕಿ ಏನನ್ನೋ ಹೊರಗೆ ತೆಗೆದ. ಅದು ನರಸಕ್ಕನಿಂದ ಇಸಕೊಂಡು ಬಂದಿದ್ದ ಅದೇ ಚೆಂಬು.

ತಾತ ಅದನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಬಾಯಿಗೆ ಬಗ್ಗಿಸಿಕೊಂಡ. ಒಂದು ಹನಿಯೂ ಬೀಳಲಿಲ್ಲ. ಗಟ ಗಟ ಗಟ ಎಂದು ಗಂಟಲಿನಲ್ಲೇ ಸದ್ದು ಮಾಡಿದ. "ಆಹಾ!" ಎಂದು ಮೀಸೆ ಒರೆಸಿಕೊಂಡು ಚೆಂಬನ್ನು ಮೊಮ್ಮಗಳ ಕಡೆ ಚಾಚಿದ.

"ಬ್ಯಾಡ ಅನ್ನಬಾರ್ದು ಕಣೇ. ಮರ್ಯಾದೆ."

ಹರಿತಾ ತಾತನ ಒಣಗಿದ ತುಟಿಯನ್ನು ನೋಡಿದಳು. ಮಡಿಲಲ್ಲಿದ್ದ ಬಾಟಲಿಯನ್ನು ತಾತನ ಕೈಗೇ ಕೊಟ್ಟಳು. ಇನ್ನು ಅದನ್ನು ಕಾಯಬೇಕಾಗಿರಲಿಲ್ಲ. ಆಮೇಲೆ ಚೆಂಬು ತಗೊಂಡು, ತಾತ ಮಾಡಿದ ಹಾಗೇ ತಲೆ ಹಿಂದಕ್ಕೆ ಬಾಗಿಸಿ ಗಟಗಟ ಕುಡಿದಳು.

ಬಸ್ಸು ಬಿಳಿ ಕಟ್ಟಡದ ಮುಂದೆ ಹಾದುಹೋಯಿತು. ಈ ಸಲ ತಾತ ಕಿಟಕಿಯ ಕಡೆ ತಿರುಗಿ ಅದನ್ನು ನೋಡಿದ.